ಕಂಬಳಿಯ ಕಾವು

ನಮ್ಮೂರಿಗೆ ಹೆಣ್ಣು ಕೊಡುವವರು ಹುಡುಗನ ಜಾತಕ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಆ ಮನೆಯಿಂದ ಶಾಲೆಗೆ ಹೋಗುವ ಮಗು ಯಾವುದು, ವಿಜ್ಞಾನದಲ್ಲಿ ಹೇಗೆ, ಅಂತ. ಕೇಳಬೇಕಾದ್ದೇ. ಬೀದಿಯಲ್ಲಿ, ಸಂತೆಯಲ್ಲಿ, ಶಾಲೆಯ ಅಂಗಳದಲ್ಲಿ ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೇ ನಡೆಯುತ್ತದೆ. ಹೊಸ್ತಿಲು ದಾಟಿ ಒಳಗೆ ಹೋದರೆ ಮಾತ್ರ, ಆ ಮನೆಯ ಮಗು ಮನಸ್ಸಿನಲ್ಲಿ ಏನು ನಂಬಿದೆಯೋ ಅದೇ ಕಾಯಿದೆ. ಟೈಲರ್ ರುದ್ರಯ್ಯನ ಮಗನಿಗೆ, ಕರೆಂಟು ಮೊದಲನೇ ಬಲ್ಬಿನಲ್ಲೇ ಅರ್ಧ ಖರ್ಚಾಗಿ ಹೋಗುತ್ತದೆ ಅಂತ ಒಂದು ನಂಬಿಕೆ. ಹಾಗಾಗಿ ಅವರ ಮನೆಯಲ್ಲಿ ಪಡಸಾಲೆಯ ಬಲ್ಬು ಝಗ್ಗನೆ ಉರಿದರೆ ಅಡಿಗೆಮನೆಯದು ಮಿಣಿಮಿಣಿ. ರುದ್ರಯ್ಯನ ಹೆಂಡತಿ ಸಾರಿಗೆ ಬೆಲ್ಲ ಹಾಕಿದಳೋ ಹುಣಸೆಹಣ್ಣು ಹಾಕಿದಳೋ ಉಂಡವರೇ ಹೇಳಬೇಕು. ಗಿಡ ಮಣ್ಣು ತಿಂದು ಬೆಳೆಯುತ್ತದೆ ಅಂತ ತಿಳಿದಿದ್ದ ಹುಡುಗಿಯೊಬ್ಬಳ ಮನೆಯಲ್ಲಿ ತುಳಸಿಕಟ್ಟೆಗೆ ಎಷ್ಟು ಬುಟ್ಟಿ ಮಣ್ಣು ಸುರಿದರೂ ಸಾಲದು. ಹೀಗೆಲ್ಲ ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಕನ್ನಡ ಪಾಠ ಮಾಡುವವಳು, ಪಂಕಜಾ ಮಿಸ್ಸು. ನನ್ನ ಸಂಧಿ ಸಮಾಸಗಳಿಂದ ಇವತ್ತಿನವರೆಗೆ ಯಾರ ಮನೆಯಲ್ಲೂ ಒಂದು ಹುಲ್ಲುಕಡ್ಡಿ ಅಲುಗಿಲ್ಲ.

ಮಂದಾಕಿನಿ ಇದೇ ಊರಲ್ಲಿ ಹುಟ್ಟಿ, ಹೊರಗೆ ಓದಿ, ನಮ್ಮ ಹೈಸ್ಕೂಲಿಗೇ ವಿಜ್ಞಾನದ ಟೀಚರಾಗಿ ಬಂದವಳು. ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಒಂಟಿ ಜೀವ, ಊಟಕ್ಕೆ ಕೂತಾಗಲೂ ಕೈಯಲ್ಲಿ ಪೆನ್ನು. ಪಾಠದ ಜೊತೆಗೆ ದೂರದ ವಿಶ್ವವಿದ್ಯಾಲಯವೊಂದಕ್ಕೆ ಸಂಶೋಧನೆ ಮಾಡುತ್ತಿದ್ದಳು. ಹೈಸ್ಕೂಲು ಮಕ್ಕಳು ವಿಜ್ಞಾನದಲ್ಲಿ ಏನೇನು ತಪ್ಪಾಗಿ ತಿಳಿದಿರುತ್ತಾರೆ, ಅದನ್ನು ಬುಡಸಮೇತ ತಿದ್ದುವುದು ಹೇಗೆ, ಅನ್ನುವುದು ಅವಳ ವಿಷಯ. "ಪರೀಕ್ಷೇಲಿ ಸರಿಯುತ್ತರ ಬರೆದು ನೂರಕ್ಕೆ ನೂರು ತಗೊಳ್ತಾರೆ ಅಕ್ಕ, ಮನಸ್ಸಲ್ಲಿ ಮಾತ್ರ ಹಳೇದೇ ಕೂತಿರುತ್ತೆ," ಎನ್ನುತ್ತಿದ್ದಳು. ಬೇರೆ ಊರಿನಲ್ಲಾದರೆ ಮಗುವಿನ ಮನಸ್ಸಿನಲ್ಲಿ ಏನು ಕೂತಿದೆ ಅಂತ ತಿಳಿಯುವುದಕ್ಕೆ ನೂರೆಂಟು ಪ್ರಶ್ನೆ ಮಾಡಬೇಕು. ನಮ್ಮಲ್ಲಿ ಮಗುವಿನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೆ ಸಾಕು. ಆದರೆ ಅವಳ ಗೈಡಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? "ಮನೆಗಿನೆಗೆ ಹೋಗೋದೆಲ್ಲ ಬೇಡಮ್ಮ. ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಪಾಠ ಆದ ಮೇಲೆ ಒಂದು ಪರೀಕ್ಷೆ. ತರಗತಿಯ ಒಂದು ಮಗುವೂ ತಪ್ಪಬಾರದು, ಅಷ್ಟು ನೋಡ್ಕೊ," ಎಂದು ಆ ಮಹಾನುಭಾವರು ಫೋನಿನಲ್ಲಿ ಗದರುತ್ತಿದ್ದರು.

ಅವಳು ಪಾಠ ಮಾಡುವ ರೀತಿಯೇ ಬೇರೆ. ಏನನ್ನೂ ಹೇಳಿಕೊಡುತ್ತಿರಲಿಲ್ಲ. ಮೊದಲು ಊಹೆ ಮಾಡಿ, ಆಮೇಲೆ ಮಾಡಿ ನೋಡಿ, ಕಣ್ಣಿಗೆ ಕಂಡದ್ದನ್ನು ನಂಬಿ, ನಾನು ಹೇಳಿದೆ ಅಂತ ಮಾತ್ರ ನಂಬಬೇಡಿ, ಎನ್ನುತ್ತಿದ್ದಳು. ಮಕ್ಕಳು ಹುಚ್ಚೆದ್ದು ಕಲಿತವು. ಬಲ್ಬು ವೈರು ಬ್ಯಾಟರಿ ಹಿಡಿದು ಕೂತ ಒಂದೇ ವಾರದಲ್ಲಿ ರುದ್ರಯ್ಯನ ಅಡಿಗೆಮನೆ ಬೆಳಗಿತು. ಅವನ ಹೆಂಡತಿ ಡಬ್ಬಿ ತುಂಬ ಚಕ್ಕುಲಿ ಕಳಿಸಿದಳು, ನಾನೂ ತಿಂದೆ. ಎಲ್ಲರಿಗೂ ಲಾಭವೇ ಆಯಿತು ಅಂತಲ್ಲ. ಸೂರ್ಯ ತಮ್ಮ ಹಿತ್ತಲಲ್ಲೇ ಇಳಿದು ಮಲಗುತ್ತಾನೆ ಅಂತ ನಂಬಿದ್ದ ಹುಡುಗನೊಬ್ಬನಿದ್ದ. ಅವರ ಮನೆಯಲ್ಲಿ ಹಂಡೆ ನೀರು ಕಾಯಿಸುವುದಕ್ಕೆ ಸೌದೆಯೇ ಬೇಕಿರಲಿಲ್ಲ. ಮಂದಾಕಿನಿ ಗ್ಲೋಬು ಟಾರ್ಚು ಹಿಡಿದು ಭೂಮಿ ತಿರುಗುವುದನ್ನು ತೋರಿಸಿದ ಸಂಜೆಯಿಂದಲೇ ನೀರು ತಣ್ಣಗಾಯಿತು. ಅವನ ಅಜ್ಜಿ ಶಾಲೆಯ ಗೇಟಿಗೆ ಬಂದು, "ನಿನ್ನ ಪಾಠಕ್ಕಿಷ್ಟು ಬೆಂಕಿ ಹಾಕ! ನನ್ನ ಸೌದೆ ದುಡ್ಡು ಯಾರೇ ಕೊಡ್ತಾರೆ?" ಅಂತ ಕೂಗಾಡಿ ಹೋದಳು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇಂಥ ತಾಪತ್ರಯಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು, ಬಿಡುವು ಕೇಳುವುದು ಅಂತ. ಯಾವುದೋ ಪಾಠ ತಮ್ಮ ಮನೆಗೆ ಬೇಡ ಅನ್ನಿಸಿದರೆ ಮನೆಯವರು ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ವಿಜ್ಞಾನದ ಮೇಷ್ಟ್ರ ಹತ್ತಿರ ಬಂದು ಕೇಳಿಕೊಳ್ಳಬೇಕು. ಹಿಂದಿನ ಮೇಷ್ಟ್ರು ಗುಂಡಾಚಾರ್ಯರು ಕಾಯಿ ಇಸಿದುಕೊಂಡು, ಆ ಪಾಠದ ದಿನ ಆ ಮಗುವನ್ನು ನೀರು ತುಂಬುವುದಕ್ಕೋ ಸೀಮೆಸುಣ್ಣ ತರುವುದಕ್ಕೋ ಕಳಿಸಿಬಿಡುತ್ತಿದ್ದರು. ಮಂದಾಕಿನಿ ಬಂದವಳೇ ಅದನ್ನು ನಿಲ್ಲಿಸಿದಳು. "ಬಿಡುವು ಯಾರಿಗೆ ಕೇಳ್ತಾರೆ ನೋಡಿ ಅಕ್ಕ. ಗಂಡುಹುಡುಗ ಒಬ್ಬನಿಗಾದರೂ ಕೇಳಿದ್ದಾರಾ? ಕೊಡ ಹೊತ್ಕೊಂಡು ಹೋದವರೆಲ್ಲ ಹೆಣ್ಮಕ್ಕಳೇ," ಅಂದಳು. ಆ ಮಾತು ಸುಳ್ಳಲ್ಲ. ನನಗೂ ಅದು ಅಷ್ಟು ದಿನ ಹೊಳೆದಿರಲಿಲ್ಲ.

ಚಳಿಗಾಲದ ನಡುವೆ, ಒಂಬತ್ತನೇ ತರಗತಿಗೆ ಶಾಖದ ಪಾಠ ಶುರುವಾಗುವ ಮೊದಲು, ಕಂಬಳಿ ನೇಯುವವರ ಕೇರಿಯಿಂದ ಮಾಳಪ್ಪ ಕಾಯಿ, ಎಲೆ ಹಿಡಿದು ಬಂದ. ಅವನ ಮಗಳು ದೇವೀರಿ ಆ ತರಗತಿಯಲ್ಲೇ ಚುರುಕು ಹುಡುಗಿ. ಯಾವ ಮಾತನ್ನೂ ಸುಮ್ಮನೆ ಒಪ್ಪಿದವಳಲ್ಲ. ನನ್ನ ಪದ್ಯಪಾಠದಲ್ಲೂ ಎದ್ದು ನಿಂತು, "ಚಂದ್ರ ಹೆಂಗೆ ಮಿಸ್ ನಗ್ತಾನೆ?" ಅಂತ ಕೇಳಿದ್ದಳು. ಮಂದಾಕಿನಿಗೆ ಅವಳೆಂದರೆ ಪ್ರಾಣ. ಮಾಳಪ್ಪ ಸ್ಟಾಫ್ ರೂಮಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತ.

"ಟೀಚರಮ್ಮ, ಬಿಸಿ ತಣ್ಣಗಿನ ಪಾಠ ಬತ್ತದಂತಲ್ಲ, ಅದೊಂದಕ್ಕೆ ನಮ್ ದೇವೀರಿಗೆ ಬಿಡುವು ಕೊಟ್ಬಿಡಿ."

"ಯಾಕೆ?"

"ಮನೇಲಿ ಹೆಂಗೋ ನಡ್ಕಂಡು ಹೋಗ್ತಾ ಐತೆ."

"ನಡ್ಕೊಂಡು ಹೋಗ್ತಿದೆ ಅಂತ ಅಂಥಾ ಹುಡುಗೀನ ಕಣ್ಣು ಕಟ್ಟಿ ಕೂರಿಸ್ತೀರಾ? ನಿಮ್ಮ ಕಾಯಿ ನೀವೇ ತಗೊಂಡು ಹೋಗಿ ಮಾಳಪ್ಪ. ನಾನು ಬಿಡುವು ಕೊಡಲ್ಲ."

ಮಾಳಪ್ಪ ಸಿಟ್ಟಾಗಲಿಲ್ಲ. ನೆಲ ನೋಡುತ್ತಾ ಹೇಳಿದ: "ಒಂದ್ಸಲ ಮನೇಗೆ ಬಂದು ನೋಡ್ರವ್ವ. ಆಮ್ಯಾಕೂ ಕಲಿಸ್ಬೇಕು ಅನ್ಸಿದ್ರೆ ಕಲ್ಸಿ, ನಾನು ಬ್ಯಾಡ ಅನ್ನಾಕಿಲ್ಲ. ಹುಡ್ಗಿ ಇಸ್ಕೂಲಲ್ಲಿರೋ ಹೊತ್ನಾಗೆ ಬನ್ನಿ."

ಮಾರನೆಯ ದಿನ ಮಧ್ಯಾಹ್ನ ಬಿಡುವಿನ ಪಿರಿಯಡ್ಡಿನಲ್ಲಿ ಮಂದಾಕಿನಿ ಹೊರಟಳು, ನನ್ನನ್ನೂ ಎಳೆದುಕೊಂಡು ಹೋದಳು. ಕೇರಿಯ ತುಂಬ ಹುಣಸೆಬೀಜದ ಗಂಜಿಯ ವಾಸನೆ. ನೂಲಿಗೆ ಅದನ್ನು ಬಳಿದರೇ ಕಂಬಳಿ ಬಿರುಸಾಗುವುದು. ಮಾಳಪ್ಪನ ಮನೆ ಒಂದೇ ಅಂಕಣ. ಒಂದು ಪಕ್ಕ ಮಗ್ಗ, ಇನ್ನೊಂದು ಪಕ್ಕ ಅವನ ಹೆಂಡತಿ ಈರಕ್ಕ ಗಲ್ಲದವರೆಗೆ ಕರಿಕಂಬಳಿ ಹೊದ್ದು ಮಲಗಿದ್ದಳು. ಎರಡು ಕೈ ಮಾತ್ರ ಹೊರಗೆ ಇಟ್ಟು ಉಣ್ಣೆ ಹಿಂಜುತ್ತಿದ್ದಳು. ಸ್ವಲ್ಪ ಹೊತ್ತು ಹಿಂಜುವುದು, ಬೆರಳು ಸೆಟೆದುಕೊಂಡ ಕೂಡಲೇ ಕೈಯನ್ನು ಕಂಬಳಿಯೊಳಗೆ ಎಳೆದುಕೊಳ್ಳುವುದು, ಮತ್ತೆ ಹೊರಗೆ ತೆಗೆಯುವುದು.

"ಬನ್ನಿ ಬನ್ನಿ ಟೀಚರಮ್ಮ. ಎದ್ದು ನಿಲ್ಲಾಕೆ ಆಗಾಕಿಲ್ಲ, ಬೇಜಾರು ಮಾಡ್ಕಬ್ಯಾಡಿ," ಎಂದು ನಕ್ಕಳು. "ಹೋದ ಚಳಿಗಾಲದಾಗೆ ಜ್ವರ ಬಂದಿತ್ತು. ಬಿಟ್ಟು ಹೋಗ್ವಾಗ ನನ್ನ ಮೈಕಾವನ್ನೂ ಜೊತೇಲೇ ಕಟ್ಕಂಡು ಹೋಯ್ತು ನೋಡಿ."

ಮಂದಾಕಿನಿ ಅವಳ ಕೈ ಮುಟ್ಟಿದಳು. ನಾನೂ ಮುಟ್ಟಿದೆ. ಬೆಳಗಿನ ಜಾವ ಬಾವಿಕಟ್ಟೆ ಮುಟ್ಟಿದ ಹಾಗೆ ತಣ್ಣಗಿತ್ತು. ಒಲೆಯ ಮುಂದೆ ಮಲಗಿಸಿ ನೋಡಿದರಂತೆ, ಚರ್ಮ ಬೊಬ್ಬೆ ಎದ್ದಿತೇ ಹೊರತು ಒಳಗಿನ ಚಳಿ ಹೋಗಲಿಲ್ಲ. ಡಾಕ್ಟರು ಕೈಚೆಲ್ಲಿದರು. ಆಗ ದೇವೀರಿ ಮಗ್ಗದ ಮೇಲಿದ್ದ ಹೊಸ ಕಂಬಳಿ ತಂದು ಅವ್ವನಿಗೆ ಹೊದಿಸಿದಳಂತೆ. ಈರಕ್ಕ ಕಂಬಳಿಯ ಅಂಚು ಎತ್ತಿ, "ಒಳಗೆ ಕೈ ಇಡಿ," ಅಂದಳು. ಇಟ್ಟೆವು. ರೊಟ್ಟಿ ಬೇಯಿಸಿ ಹೆಂಚು ಇಳಿಸಿದ ಒಲೆಯ ಹಾಗೆ ಹಿತವಾದ ಬಿಸಿ, ಆ ಕಂಬಳಿಯಿಂದಲೇ ಹೊಮ್ಮುತ್ತಿತ್ತು.

"ಕುರಿ ದಿನಾ ಬಿಸ್ಲಾಗೆ ಮೇಯ್ತದಲ್ಲ, ಆ ಬಿಸ್ಲು ಉಣ್ಣೆ ಒಳಗೆ ಸೇರ್ಕಂಡಿರ್ತದೆ, ಹೊದ್ದಾಗ ಆಚೆ ಬತ್ತದೆ ಅಂತಾಳೆ ನಮ್ ಹುಡ್ಗಿ," ಎಂದ ಮಾಳಪ್ಪ. "ಕೂಸಾಗಿದ್ದಾಗಿಂದ ಹಂಗೇ ನಂಬವ್ಳೆ. ಅದ್ರಿಂದ್ಲೇ ಅವ್ರವ್ವ ಉಸ್ರಾಡ್ತಿರೋದು ಅಂತ ಅವ್ಳಿಗೆ ಹೇಳಿಲ್ಲ. ಹೇಳಿದ್ರೆ ಒಂದು ಅನುಮಾನ ಬತ್ತದೆ. ಅನುಮಾನ ಬಂದ್ರೆ ಮುಗೀತಲ್ರವ್ವ."

ವಾಪಸು ಬರುವಾಗ ಮಂದಾಕಿನಿ ದಾಪುಗಾಲು ಹಾಕಿದಳು. ಅವಳ ಶಾಖದ ಪಾಠದ ಮೊದಲ ಪ್ರಯೋಗವೇ ಕಂಬಳಿಯದು. ಎರಡು ಐಸ್‌ಗಡ್ಡೆ ತಗೊಂಡು, ಒಂದಕ್ಕೆ ಕಂಬಳಿ ಸುತ್ತಿ, ಇನ್ನೊಂದನ್ನು ಹಾಗೇ ಇಟ್ಟು, ಯಾವುದು ಮೊದಲು ಕರಗುತ್ತದೆ ಅಂತ ಮಕ್ಕಳನ್ನು ಕೇಳುವುದು. ಎಲ್ಲರೂ ಕಂಬಳಿಯೊಳಗಿನದು ಅನ್ನುತ್ತಾರೆ. ಆಗುವುದು ಉಲ್ಟಾ. ಕಂಬಳಿ ಬಿಸಿ ಹುಟ್ಟಿಸುವುದಿಲ್ಲ, ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ತಡೆದಿಡುತ್ತದೆ, ಅಷ್ಟೇ. ಶಾಲೆಯ ಗೇಟಿನ ಹತ್ತಿರ ನಿಂತು, "ಅಕ್ಕ, ಈ ಪಾಠ ನಾನು ಅವಳಿಗೆ ಮಾಡಲ್ಲ," ಅಂದಳು. ಅವತ್ತೇ ಗೈಡಿಗೆ ಫೋನು ಮಾಡಿ ಒಂದು ಮಗುವನ್ನು ಬಿಡಬೇಕಾಗಿದೆ ಎಂದಳು. ಆ ಕಡೆಯಿಂದ, "ಬಿಟ್ಟರೆ ನಿನ್ನ ಎರಡು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ," ಅಂದದ್ದು ನನಗೂ ಕೇಳಿಸಿತು. "ತೊಳೆದು ಹೋಗಲಿ ಸಾರ್," ಎಂದು ಇವಳು ಫೋನು ಇಟ್ಟಳು. ಅವಳ ಧೈರ್ಯ ನೋಡಿ ನನಗೆ ಹೆಮ್ಮೆಯಾಯಿತು.

ದೇವೀರಿ ಆ ಪಾಠದ ಹೊತ್ತಿಗೆಲ್ಲ ನನ್ನ ಹತ್ತನೇ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದು ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಅವಳಿಗೆ ಏನೋ ಒಂದು ನೆಪ ಹೇಳಿದ್ದಾಯಿತು. ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯುತ್ತದಂತೆ. ಪಾಠದ ದಿನ ಐಸ್ ತರಬೇಕಾಗಿದ್ದ ಜವಾನ ಬರಲೇ ಇಲ್ಲ. ಮಕ್ಕಳೆಲ್ಲ ಕಂಬಳಿ ತುಂಡು ಹಿಡಿದು ಕಾಯುತ್ತಾ ಕೂತಿದ್ದಾರೆ. ತರಗತಿ ಬಿಟ್ಟು ಹೋಗುವ ಹಾಗಿಲ್ಲ, ಉಳಿದ ಮಕ್ಕಳಲ್ಲಿ ಯಾರನ್ನು ಕಳಿಸಿದರೂ ಅವರಿಗೆ ಪಾಠ ತಪ್ಪುತ್ತದೆ. ಆಗ ಜಗಲಿಯ ಮೇಲೆ ನನ್ನ ತರಗತಿಯ ಕಡೆ ಹೊರಟಿದ್ದ ದೇವೀರಿ ಕಣ್ಣಿಗೆ ಬಿದ್ದಳು. ಪಾಠ ಇಲ್ಲದ ಮಗುವನ್ನು ಕೆಲಸಕ್ಕೆ ಓಡಿಸುವುದು ನಮ್ಮ ಶಾಲೆಯ ಹಳೇ ಚಾಳಿ, ಗೋಡೆಗೂ ಅದು ರೂಢಿ. ಆ ಚಾಳಿಯನ್ನು ಬೈದಿದ್ದ ಮಂದಾಕಿನಿಯೇ, "ಬಸ್‌ಸ್ಟ್ಯಾಂಡ್ ಹತ್ರ ಖಾಸಿಂ ಸಾಬರ ಗಾಡೀಲಿ ಎರಡು ಐಸ್‌ಗಡ್ಡೆ ತಗೊಂಡು ಬಾ ದೇವೀರಿ. ಬಾಗಿಲಲ್ಲಿ ಕೊಟ್ಟು ಪಂಕಜಾ ಮಿಸ್ ತರಗತಿಗೆ ಹೋಗು," ಎಂದು ಟಿಫಿನ್ ಡಬ್ಬಿ ಕೈಗಿತ್ತಳು. ಅವಳ ತಲೆಯಲ್ಲಿ ಇದ್ದದ್ದು ಪ್ರಯೋಗದ ಐಸ್. ಬಿಸಿಲಲ್ಲಿ ಐಸ್ ಬರುವುದು ಹೇಗೆ ಅನ್ನುವುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ.

ಅಲ್ಲಿ ನಡೆದದ್ದನ್ನು ದೇವೀರಿಯೇ ಆಮೇಲೆ ನನಗೆ ಹೇಳಿದಳು. ಒಂದು ಗಡ್ಡೆ ಡಬ್ಬಿಗೆ ಹಿಡಿಸಿತು, ಇನ್ನೊಂದು ಹಿಡಿಸಲಿಲ್ಲ. ಖಾಸಿಂ ಸಾಬರು ಗಾಡಿಯಿಂದ ಒಂದು ಹಳೇ ಕಂಬಳಿ ಚೂರು ತೆಗೆದು ಅದಕ್ಕೆ ಸುತ್ತಿದರು.

"ಅಯ್ಯೋ ತಾತ, ಕಂಬಳಿ ಸುತ್ತಿದ್ರೆ ಬಿಸಿಗೆ ಕರಗ್ತದೆ!"

"ಕರಗ್ಬಾರ್ದು ಅಂತಾನೇ ಸುತ್ತೋದು ಕಣವ್ವ. ಗಾಡಿ ತುಂಬ ಅದೇ ಹೊದ್ಸಿರೋದು ನೋಡು. ನಿಮ್ಮಪ್ಪನ ಹತ್ರಾನೇ ತಗೊಂಡಿದ್ದು."

ಅವಳು ನಂಬಲಿಲ್ಲ. ಯಾರು ಹೇಳಿದರೂ ನಂಬಬೇಡ ಅಂತ ಅಲ್ಲವೇ ಕಲಿತದ್ದು? ಶಾಲೆಗೆ ಬರುವ ದಾರಿಯಲ್ಲಿ ಅರಳಿಕಟ್ಟೆಯ ಮೇಲೆ ಎರಡನ್ನೂ ಇಟ್ಟುಕೊಂಡು ಕೂತಳು. ಊಹೆ ಮಾಡಿದಳು, ಕಾದಳು, ನೋಡಿದಳು. ಇಲ್ಲಿ ತರಗತಿ ಕಾದು ಕಾದು ಗದ್ದಲವಾಗಿ, ಮಂದಾಕಿನಿ ಬಾಗಿಲಿಗೆ ಬಂದು ದಾರಿ ನೋಡುತ್ತಿದ್ದಾಗ ಹುಡುಗಿ ಬಂದಳು. ಒಂದು ಕೈಯಲ್ಲಿ ಡಬ್ಬಿಯ ತುಂಬ ನೀರು, ಇನ್ನೊಂದು ಕೈಯಲ್ಲಿ ಕಂಬಳಿಯ ಗಂಟು. ಮುಖದಲ್ಲಿ ರಕ್ತವಿರಲಿಲ್ಲ.

"ಮಿಸ್, ಕಂಬಳೀಲಿರೋದು ಹಂಗೇ ಐತೆ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮವ್ವ?" ಅಂತ ಕೇಳಿದಳು.

ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮೂರಿನ ಮಗು ಅದು. ಅಪ್ಪ ಕಾಯಿ ಹಿಡಿದು ಶಾಲೆಗೆ ಬಂದದ್ದು, ತನ್ನೊಬ್ಬಳನ್ನೇ ಪಾಠದಿಂದ ಎಬ್ಬಿಸಿದ್ದು, ಎಲ್ಲ ಒಂದಕ್ಕೊಂದು ಕೂಡಿಸಿಕೊಂಡಿದ್ದಳು. ಹೊಸ್ತಿಲು ದಾಟುವವರೆಗೆ ಮಗು ಕಲಿತದ್ದು ಮನೆಗೆ ತಾಗುವುದಿಲ್ಲ. ಹಾಗಾಗಿ ಶಾಲೆ ಬಿಟ್ಟರೂ ಅವಳು ಮನೆಗೆ ಹೋಗಲಿಲ್ಲ. ಎಲ್ಲ ಮಕ್ಕಳೂ ಹೋದ ಮೇಲೆ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ನಾನೂ ಅಲ್ಲೇ ಇದ್ದೆ.

"ಮಿಸ್, ನಂಗೆ ಮರೆಯೋದು ಹೇಳ್ಕೊಡಿ."

ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಯಾವ ಮಗುವೂ ಇಂಥದ್ದನ್ನು ಕೇಳಿದ್ದಿಲ್ಲ. ಮಂದಾಕಿನಿ ಅವಳ ತಲೆ ಸವರಿ, "ಅದು ಬಿಸಿಲಲ್ಲಿ ಮಾಡಿದ್ದಲ್ವಾ, ಖಾಸಿಂ ಸಾಬರ ಕಂಬಳೀನೂ ಹಳೇದು. ಸರಿಯಾಗಿ ಮಾಡಿ ನೋಡೋಣ ತಾಳು," ಅಂದಳು. ಅವಳು ಏನು ಮಾಡಹೊರಟಿದ್ದಾಳೆ ಅಂತ ನನಗೆ ಅರ್ಥವಾಗಲಿಲ್ಲ. ನನ್ನನ್ನೇ ಕಳಿಸಿ ಹೊಸ ಐಸ್ ತರಿಸಿದಳು. ಕಂಬಳಿ ಬೀರುವಿನಲ್ಲಿದೆ ಅಂತ ಒಳಗೆ ಹೋದವಳು ಕೊಂಚ ತಡಮಾಡಿಯೇ ಬಂದಳು. ಒಂದು ಗಡ್ಡೆಯನ್ನು ತಟ್ಟೆಯಲ್ಲಿಟ್ಟಳು, ಇನ್ನೊಂದಕ್ಕೆ ಆ ಕಂಬಳಿ ಸುತ್ತಿಟ್ಟಳು. ಮೂವರೂ ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆಲ್ಲ ಕಂಬಳಿಯ ಅಡಿಯಿಂದ ನೀರು ಹರಿದು ಮೇಜಿನ ಮೇಲೆಲ್ಲ ಹಬ್ಬಿತು. ಬಿಚ್ಚಿ ನೋಡಿದರೆ ಗಡ್ಡೆ ಅಡಿಕೆಯಷ್ಟಾಗಿತ್ತು. ತಟ್ಟೆಯದು ಇನ್ನೂ ಮುಷ್ಟಿಯಷ್ಟಿತ್ತು. ದೇವೀರಿಯ ಮುಖ ಅರಳಿದ್ದು ನೋಡಿ ನನಗೂ ಕುಣಿಯುವ ಹಾಗಾಯಿತು, ಸುಳ್ಳು ಯಾಕೆ ಹೇಳಲಿ.

ಹುಡುಗಿ ಸುಮ್ಮನೆ ಎದ್ದು ಹೋಗಬಹುದಾಗಿತ್ತು. ಹೋಗಲಿಲ್ಲ. ಮೇಜಿನ ಮೇಲೆ ಹರಿದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಆಮೇಲೆ ತಟ್ಟೆಯ ನೀರನ್ನೂ ನೆಕ್ಕಿ ನೋಡಿದಳು.

"ಉಪ್ಪು ಐತೆ ಮಿಸ್," ಅಂದಳು. "ಕಂಬಳಿಗೆ ಉಪ್ಪು ಸವರಿದ್ದೀರಾ, ಅದಕ್ಕೇ ಬೇಗ ಕರಗೈತೆ."

ಮಂದಾಕಿನಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ದೇವೀರಿ ಅವಳ ಪಕ್ಕದಲ್ಲಿ ನಿಂತು, ತಪ್ಪು ಮಾಡಿದವಳು ತಾನೇ ಅನ್ನುವ ಹಾಗೆ, "ನೀವು ಹೇಳಿದ್ರೂ ನಂಬಬ್ಯಾಡ ಅಂತ ನೀವೇ ಅಲ್ವಾ ಮಿಸ್ ಹೇಳಿದ್ದು," ಅಂದಳು.

ಅವತ್ತಿನಿಂದ ಹುಡುಗಿ ನಮ್ಮ ಮನೆಯಲ್ಲೇ, ಮಂದಾಕಿನಿಯ ಕೋಣೆಯಲ್ಲಿ ಉಳಿದಳು. ಅಲ್ಲಿ ಅವಳ ಕಾಯಿದೆ ನಡೆಯುವುದಿಲ್ಲ, ಅವಳು ಆ ಮನೆಯ ಮಗುವಲ್ಲವಲ್ಲ. ಶಾಲೆಯ ಏನೋ ಶಿಬಿರ ಅಂತ ಈರಕ್ಕನಿಗೆ ಹೇಳಿಸಿದೆವು. ಮಾಳಪ್ಪ ಸಂಜೆ ಬಂದು ಜಗಲಿಯ ಮೇಲೆ ಕೂತು, "ಅವ್ವ ಬೆಚ್ಚಗವ್ಳೆ," ಅಂತ ಹೇಳಿ ಮಗಳ ಮುಖ ನೋಡಿ ಹೋಗುತ್ತಿದ್ದ. ಹೀಗೇ ನಡೆಯಬಹುದಲ್ಲ ಅಂತ ನಾವು ಅಂದುಕೊಂಡೆವು. ಹುಡುಗಿ ಇಲ್ಲಿ ಓದಲಿ, ಅಮ್ಮ ಅಲ್ಲಿ ಬದುಕಲಿ. ಆದರೆ ಈರಕ್ಕ ಅಷ್ಟು ದಡ್ಡಿಯೇ? ಒಂದು ಸಂಜೆ ಮಾಳಪ್ಪ ಬಂದವನು ಕೂರಲಿಲ್ಲ.

"ಎಲ್ಲ ತಿಳ್ಕಂಡವ್ಳೆ ಟೀಚರಮ್ಮ. ಮಗಳ್ನ ಕಳಿಸ್ಬೇಕಂತೆ. ಬೆಚ್ಚಗೆ ಮುಚ್ಕಂಡು ಗೋಡೆ ನೋಡ್ಕಂಡು ಬಿದ್ದಿರೋಕೆ ನಾನೇನು ಕೋಳಿಮೊಟ್ಟೆಯಾ ಅಂತ ಕೇಳ್ತಾಳೆ. ಊಟ ಬಿಟ್ಟವ್ಳೆ."

ದೇವೀರಿ ಬಾಗಿಲ ಹಿಂದೆಯೇ ಇದ್ದಳು. ಹೊರಗೆ ಬಂದು, ತರಗತಿಯಲ್ಲಿ ಉತ್ತರ ಹೇಳುವಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತಳು. "ನಾನು ಯೋಚ್ನೆ ಮಾಡಿದೀನಿ ಮಿಸ್. ಕಂಬಳಿ ಬಿಸಿ ಮಾಡಾಕಿಲ್ಲ. ಒಳಗಿರೋ ಬಿಸೀನ ಹೊರಕ್ಕೆ ಬಿಡಾಕಿಲ್ಲ, ಅಷ್ಟೇಯ. ಹಂಗಾರೆ ಒಳಗೆ ಯಾರಾದ್ರೂ ಬಿಸಿ ಕೊಡ್ಬೇಕು. ನನ್ ಮೈ ಬಿಸಿ ಐತಲ್ಲ," ಅಂದಳು. ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಬರೆದಿಲ್ಲ. ಹುಡುಗಿ ಚೀಲ ತಗೊಂಡಳು, ಅಪ್ಪನ ಹಿಂದೆ ಹೊರಟಳು. ನಾವೂ ಹೋದೆವು.

ಹೊಸ್ತಿಲ ಮುಂದೆ ಅವಳು ಒಂದು ಸಲ ನಿಂತಳು. ಒಳಗಿಂದ ಈರಕ್ಕ, "ಬಾರವ್ವ, ಏನು ನೆಂಟರ ಥರ ನಿಂತೀಯ," ಎಂದು ಕರೆದಳು. ದೇವೀರಿ ಕಾಲಿಟ್ಟಳು. ಈರಕ್ಕನ ಮಾತು ಅರ್ಧಕ್ಕೇ ನಿಂತಿತು. ಹಲ್ಲು ಕಟಕಟ ಅನ್ನುವುದು ಬಾಗಿಲಲ್ಲಿದ್ದ ನಮಗೆ ಕೇಳಿಸಿತು. ಹುಡುಗಿ ಚೀಲ ಬಿಸಾಕಿ ಓಡಿಹೋಗಿ, ಕಂಬಳಿ ಎತ್ತಿ ಒಳಗೆ ನುಗ್ಗಿ, ಅವ್ವನನ್ನು ಬಿಗಿಯಾಗಿ ತಬ್ಬಿ ಮಲಗಿದಳು. ಸ್ವಲ್ಪ ಹೊತ್ತು ಕಂಬಳಿಯೆಲ್ಲ ನಡುಗಿತು. ಆಮೇಲೆ ನಡುಕ ಇಳಿಯಿತು. ಈರಕ್ಕ ಬದುಕಿದಳು.

ಬದುಕಿದಳು, ಆದರೆ ಹೇಗೆ? ಬಿಸಿ ಇಟ್ಟಿಗೆ ಇಟ್ಟು ನೋಡಿದರು, ಬಿಸಿನೀರಿನ ಬಾಟಲಿ ಇಟ್ಟು ನೋಡಿದರು. ಒಲೆಯ ಬೆಂಕಿ ಹಿಡಿಯದ ಮೈಗೆ ಅವೂ ಹಿಡಿಯಲಿಲ್ಲ, ಮನುಷ್ಯರ ಮೈಕಾವೇ ಬೇಕಾಯಿತು. ಮೊದಮೊದಲು ಕೇರಿಯ ಹೆಂಗಸರು ಸರದಿಯ ಮೇಲೆ ಬಂದರು. ಒಲೆ, ಮಗ್ಗ, ಮಕ್ಕಳು ಬಿಟ್ಟು ಯಾರು ಎಷ್ಟು ದಿನ ಬರುತ್ತಾರೆ? ದಿನಾ ಸಾಯುವವರಿಗೆ ಅಳುವವರು ಯಾರು ಅಂತ ಗಾದೆಯೇ ಇದೆ. ಮಾಳಪ್ಪ ಹಗಲು ನೇಯದಿದ್ದರೆ ಒಲೆ ಉರಿಯುವುದಿಲ್ಲ. ಹಾಗಾಗಿ ರಾತ್ರಿ ಅವನು, ಹಗಲೆಲ್ಲ ದೇವೀರಿ. ಅವಳು ಶಾಲೆಗೆ ಬರುವುದು ನಿಂತುಹೋಯಿತು.

ಮಂದಾಕಿನಿ ಉಳಿದ ಪಾಠ ಮುಗಿಸಿ ಕೊನೆಯ ಪರೀಕ್ಷೆ ಮಾಡಿದಳು. ಮಕ್ಕಳೆಲ್ಲ ಸರಿಯಾಗಿ ಕಲಿತಿದ್ದವು. ಗೈಡು ಮೊದಲ ಸಲ ಹೊಗಳಿದರು. ದೇವೀರಿಯ ಸುದ್ದಿ ಎತ್ತಿದರೆ, "ಬಿಡಬಾರದು ಅಂದಿದ್ದು ನಿಜ. ಆದರೆ ಶಾಲೆ ಬಿಟ್ಟವಳು ತಾನಾಗೇ ಲೆಕ್ಕದಿಂದ ಬಿದ್ದುಹೋಗ್ತಾಳೆ, ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ," ಅಂದರಂತೆ. ಮಂದಾಕಿನಿಗೆ ಅದನ್ನು ಸಹಿಸಲಾಗಲಿಲ್ಲ. "ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವಳು ಅಕ್ಕ, ಅವಳ ಹೆಸರೇ ಇಲ್ಲ ಅಂದ್ರೆ ಹೇಗೆ?" ಅಂತ ಒಂದು ಮಧ್ಯಾಹ್ನ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದಳು.

ಮಾಳಪ್ಪ ನೂಲು ತರಲು ಹೋಗಿದ್ದ. ಕಂಬಳಿಯಿಂದ ಈಗ ಎರಡು ತಲೆ ಹೊರಗಿದ್ದವು, ನಾಲ್ಕು ಕೈ ಉಣ್ಣೆ ಹಿಂಜುತ್ತಿದ್ದವು. ದೇವೀರಿ ನಮ್ಮನ್ನು ನೋಡಿ ನಕ್ಕಳು, ಏಳಲಿಲ್ಲ. ಕೆನ್ನೆ ಬಿಳುಚಿತ್ತು. ಮಂದಾಕಿನಿ ನೆಲದ ಮೇಲೆ ಕೂತು ಒಂದೊಂದೇ ಪ್ರಶ್ನೆ ಕೇಳಿದಳು. ಲೋಹದ ಚಮಚ ಯಾಕೆ ಬೇಗ ಬಿಸಿಯಾಗುತ್ತದೆ, ಎರಡು ತೆಳುವಾದ ಅಂಗಿ ಒಂದು ದಪ್ಪ ಅಂಗಿಗಿಂತ ಯಾಕೆ ಬೆಚ್ಚಗೆ. ಪಾಠಕ್ಕೆ ಒಂದು ದಿನವೂ ಕೂರದ ಹುಡುಗಿ ಒಂದೂ ತಪ್ಪದೆ ಹೇಳಿದಳು. "ಕಂಬಳಿ ಎಳೆ ನಡುವೆ ಗಾಳಿ ಸಿಕ್ಕಂಡಿರ್ತದೆ ಮಿಸ್, ಅದೇ ತಡಿಯೋದು. ನಾವು ಹೊಳ್ಳಾಡಿದ್ರೆ ಅವ್ವಂಗೆ ಚಳಿ ಆಗ್ತದೆ, ಆವಾಗ ಗೊತ್ತಾಯ್ತು," ಅಂದಳು. ಮಂದಾಕಿನಿ ಕೊನೆಯ ಪ್ರಶ್ನೆ ಬಿಟ್ಟು ಈರಕ್ಕನ ಕಡೆ ತಿರುಗಿದಳು.

"ನಾನು ರಜ ಹಾಕ್ತೀನಿ ಈರಕ್ಕ," ಎಂದಳು. "ಹಗಲು ಹೊತ್ತು ನಾನು ಬಂದು ಮಲಗ್ತೀನಿ. ಇವಳು ಶಾಲೆಗೆ ಹೋಗ್ಲಿ."

"ಎಷ್ಟು ದಿನ ಹಾಕ್ತೀರಿ ಟೀಚರಮ್ಮ? ಆ ಮಕ್ಕಳಿಗೆಲ್ಲ ಯಾರು ಕಲಿಸ್ತಾರೆ?" ಈರಕ್ಕ ಹಿಂಜುವುದನ್ನು ನಿಲ್ಲಿಸಿ, ಸೆಟೆದ ಬೆರಳನ್ನು ಮಗಳ ಕತ್ತಿನ ಸಂದಿಗೆ ಇಟ್ಟುಕೊಂಡಳು. ಹುಡುಗಿ ಒಮ್ಮೆ ಜುಂ ಎಂದು ನಡುಗಿ ಸುಮ್ಮನಾದಳು. "ನಿಮ್ಮನ್ನ ಬೈಕಂಡು ಹೇಳ್ತಿಲ್ಲ. ನೀವು ಕಲಿಸಿದ್ದು ಸರಿಯೇಯ. ಮೊದ್ಲು ನಾನೊಬ್ಳೇ ಮಲಗಿದ್ದೆ. ಈಗ ಇಬ್ರು ಮಲಗಿದೀವಿ. ಅಷ್ಟೇಯ."

ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಬಂದೆ. ಮಂದಾಕಿನಿ ದೇವೀರಿಯ ಹಣೆಯ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟಿದ್ದು, ಆಮೇಲೆ ಎದ್ದಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಹುಡುಗಿಯ ದನಿ ಬಂತು.

"ಮಿಸ್, ಹೋಗ್ತಾ ಬಾಗ್ಲು ಎಳ್ಕಂಡು ಹೋಗಿ. ಗಾಳಿ ಬಂದ್ರೆ ಕಾವು ಹೋಗ್ತದೆ."

ಮಂದಾಕಿನಿ ಬಾಗಿಲು ಎಳೆದುಕೊಂಡಳು. ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಒಮ್ಮೆ ತಳ್ಳಿ ನೋಡಿದಳು.